‘ಅದೊಂದು ವರಹ ಸಿಕ್ಕಿದರೆ ಸಾಕು’ ಎನ್ನುವ ಯಜಮಾನರು

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆಯ ಒಂಟಿಮನೆ. ಮೂರು ಎಕರೆ ಅಡಿಕೆ ತೋಟ. ಯಜಮಾನರು ಹೈಸ್ಕೂಲು ಮೇಷ್ಟ್ರಾಗಿದ್ದು ನಿವೃತ್ತರಾದವರು, ಈಗ 64. ಮದುವೆಗೆ ಮುಂಚಿನಿಂದಲೂ ಹಳೇ ನಾಣ್ಯದ ಹುಚ್ಚು. ನಾನೂ ಬೇಡ ಅಂದವಳಲ್ಲ. ಎಲ್ಲಿ ಸಿಕ್ಕಿತು, ಎಷ್ಟು ಕೊಟ್ಟೆ ಅಂತ ಒಂದು ದಪ್ಪ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಆಮೇಲೆ ಲಾಟೀನು, ಹಿತ್ತಾಳೆ ಗಿಂಡಿ, ಕೊಳಗ, ಸಿದ್ದೆ, ಪಾವು, ಕೆಟ್ಟ ರೇಡಿಯೊ, ಹಳೇ ಪೇಪರು ಎಲ್ಲ ಶುರುವಾಯಿತು. ಅಟ್ಟ ತುಂಬಿ, ಮಗಳು ಬಂದಾಗ ಮಲಗುವ ಕೋಣೆಯೂ ತುಂಬಿದೆ. ಇವರ ಜೊತೆ ಸಂತೆ, ಗುಜರಿ ಅಂಗಡಿ ಅಂತ ತಿರುಗುತ್ತಿದ್ದ ಸ್ನೇಹಿತರು ಎರಡು ವರ್ಷದ ಹಿಂದೆ ತೀರಿಕೊಂಡರು. ಈಗೀಗ ತಂದ ಚೀಲ ಬಿಚ್ಚುವುದೂ ಇಲ್ಲ, ಕೋಣೆಯಲ್ಲಿ ಹಾಗೇ ಇಡುತ್ತಾರೆ. ಕಳೆದ ವರ್ಷ ನನಗೆ ಹೇಳದೆ ತಮ್ಮದೇ ಸರ ಅಡವಿಟ್ಟು ಸಾಲ ತೆಗೆದಿದ್ದು ಮನೆಗೆ ನೋಟಿಸು ಬಂದಾಗ ಗೊತ್ತಾಯಿತು. ಕೇಳಿದರೆ, ‘ಹೈದರನ ಕಾಲದ ಚಿನ್ನದ ವರಹ ಒಂದು ಬಾಕಿ, ಅದೊಂದು ಸಿಕ್ಕಿದರೆ ನಿಲ್ಲಿಸಿಬಿಡ್ತೀನಿ’ ಅನ್ನುತ್ತಾರೆ. ಹನ್ನೆರಡು ವರ್ಷದಿಂದ ಇದೇ ಮಾತು. ಯಾರ್ಯಾರದೋ ಮನೆ ದೀಪ ತಂದಿಟ್ಟರೆ ದೋಷ ಅಂತ ನಾದಿನಿ. ಇದು ಕಾಯಿಲೆ, ಅಪ್ಪನನ್ನು ಒಂದು ವಾರ ಬೆಂಗಳೂರಿಗೆ ಕಳಿಸು, ಗುಜರಿಯವರನ್ನು ಕರೆಸಿ ಖಾಲಿ ಮಾಡಿಸೋಣ ಅಂತ ಮಗಳು. ಎಲ್ಲ ಲಕ್ಷಗಟ್ಟಲೆ ಬಾಳುತ್ತದೆ, ಮಾರಿ ಅಂತ ಅಳಿಯ. ನಾನು ಯಾರ ಮಾತು ಕೇಳಲಿ?

ಉತ್ತರ: ಮೊದಲು ನನ್ನ ಗುಟ್ಟು ಹೇಳಿಬಿಡುತ್ತೇನೆ. ಶಿವಮೊಗ್ಗದಲ್ಲಿ ಮನೋವೈದ್ಯನಾಗಿರುವ ನನ್ನ ಮನೆಯಲ್ಲಿ 37 ಅಡಕತ್ತರಿಗಳಿವೆ. ನಾನು ಎಲೆಅಡಿಕೆಯ ಕವಳ ಹಾಕುವವನಲ್ಲ. ಗಿಣಿ ಮೂತಿಯದು, ಕುದುರೆ ತಲೆಯದು, ಹಿಡಿಯಲ್ಲಿ ಗೆಜ್ಜೆ ಇರುವುದು, ಒಂದಂತೂ ಬಾಯಿ ಮುರಿದು ಏನನ್ನೂ ಕತ್ತರಿಸಲಾರದ್ದು. ಹಾಗಾಗಿ ಈ ಉತ್ತರದಲ್ಲಿ ನಿಮ್ಮ ಯಜಮಾನರ ಪರ ಸ್ವಲ್ಪ ವಕಾಲತ್ತು ಇದ್ದರೆ ಅಷ್ಟನ್ನು ಕಳೆದು ಓದಿಕೊಳ್ಳಿ.

ನಾಲ್ಕು ಜನರ ನಾಲ್ಕು ಮಾತು ಬರೆದಿದ್ದೀರಿ. ಅದರ ಅಡಿಯಲ್ಲಿ ನಿಮ್ಮ ಭಯ ಒಂದೇ: ನಾನು ನಲವತ್ತು ವರ್ಷ ಸಹಿಸಿಕೊಂಡು ಬಂದ ಹವ್ಯಾಸ ನನಗೆ ಗೊತ್ತಾಗದ ಹಾಗೆ ಬೇರೆ ಏನೋ ಆಗಿಬಿಟ್ಟಿತೇ? ಆಗಿರಬಹುದು. ಆದರೆ ಅದನ್ನು ಸಾಮಾನಿನ ರಾಶಿ ನೋಡಿ ತೀರ್ಮಾನಿಸಬೇಡಿ. ಸಾವಿರ ಗಿಂಡಿ ಇಟ್ಟುಕೊಂಡೂ ಆರೋಗ್ಯವಾಗಿರುವವರನ್ನು ಕಂಡಿದ್ದೇನೆ. ಹತ್ತು ಗೋಣಿಚೀಲ ಹಳೇ ಬಟ್ಟೆಯ ನಡುವೆ ಉಸಿರುಕಟ್ಟಿ ಬದುಕುತ್ತಿದ್ದವರನ್ನೂ ಕಂಡಿದ್ದೇನೆ. ನಾನು ಮೊದಲು ಕೇಳುವುದು ಲೆಕ್ಕದ ಪುಸ್ತಕ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಈ ಹುಚ್ಚಿನ ಒಳಗು ಸ್ವಲ್ಪ ತಿಳಿಯಬೇಕು.

ಹೊರಗಿನವರಿಗೆ ಒಂದೇ ಥರ ಕಾಣುವುದು ಸಂಗ್ರಹಕಾರನಿಗೆ ಒಂದೇ ಥರ ಕಾಣುವುದಿಲ್ಲ. ಅವರ ಡಬ್ಬಿಯಲ್ಲಿ ಖಡ್ಗಮೃಗದ ಚಿತ್ರದ ನಾಲ್ಕಾಣೆಗಳು ನಲವತ್ತೋ ಐವತ್ತೋ ಇದ್ದಾವು. 2011ರ ಜೂನ್ 30ರಂದು ಚಲಾವಣೆ ನಿಂತ ಆ ನಾಣ್ಯ ನಿಮ್ಮ ಕಣ್ಣಿಗೆ ಬರೀ ಕಸ. ಆದರೆ ಭೂತಗನ್ನಡಿಯಲ್ಲಿ ಇಸವಿಯ ಕೆಳಗೆ ನೋಡಿ. ಚಿಕ್ಕ ವಜ್ರದಾಕಾರವಿದ್ದರೆ ಮುಂಬಯಿ ಟಂಕಸಾಲೆಯದು, ನಕ್ಷತ್ರವಿದ್ದರೆ ಹೈದರಾಬಾದಿನದು, ದುಂಡು ಚುಕ್ಕೆಯಿದ್ದರೆ ನೋಯ್ಡಾದ್ದು, ಏನೂ ಇಲ್ಲದಿದ್ದರೆ ಕೋಲ್ಕತ್ತದ್ದು. ಒಂದೊಂದು ಇಸವಿಗೆ ನಾಲ್ಕು ಊರಿನದು ಕೂಡಿಸಲು ಹೊರಟವನಿಗೆ ಅದೊಂದು ಕೋಷ್ಟಕ. ಅದರಲ್ಲಿ ಎರಡು ಮನೆ ಖಾಲಿ ಇದ್ದರೆ ತುಂಬಿದ ಮೂವತ್ತೆಂಟು ಅವನ ಕಣ್ಣಿಗೆ ಬೀಳುವುದಿಲ್ಲ, ಖಾಲಿ ಎರಡೇ ಬೀಳುತ್ತವೆ. ಬಿದ್ದ ಹಲ್ಲಿನ ಜಾಗಕ್ಕೆ ನಾಲಿಗೆ ಮತ್ತೆ ಮತ್ತೆ ಹೋಗುತ್ತದಲ್ಲ, ಹಾಗೆ.

ಇನ್ನೊಂದು, ಸಿಕ್ಕಿದ್ದಕ್ಕಿಂತ ಹುಡುಕುವುದರಲ್ಲೇ ಸುಖ ಹೆಚ್ಚು. ಮೊದಲ ಗುಡುಗಿನ ಮಾರನೇ ದಿನ ಅಣಬೆ ಹುಡುಕಲು ಕಾಡಿಗೆ ಹೋದವರನ್ನು ಕೇಳಿ. ಸಾರಿನ ರುಚಿ ಎರಡು ಮಾತಲ್ಲಿ ಮುಗಿಯುತ್ತದೆ, ಯಾವ ಹುತ್ತದ ಪಕ್ಕ ಎದ್ದಿತ್ತು ಎಂಬ ಕಥೆ ಮುಂದಿನ ಮಳೆಗಾಲದವರೆಗೂ ನಡೆಯುತ್ತದೆ. ವೋಲ್ಫ್ರಾಮ್ ಶುಲ್ಟ್ಸ್ ಎಂಬ ವಿಜ್ಞಾನಿ ಮಂಗಗಳ ಮಿದುಳಿನಲ್ಲಿ ಇದನ್ನೇ ಕಂಡರು. ದೀಪ ಹೊತ್ತಿದರೆ ಹಣ್ಣಿನ ರಸ ಬರುತ್ತದೆ ಎಂದು ಒಮ್ಮೆ ಕಲಿತ ಮೇಲೆ, ಡೋಪಮಿನ್ ಎಂಬ ರಾಸಾಯನಿಕ ಹೊರಡಿಸುವ ನರಕೋಶಗಳು ರಸ ಬಾಯಿಗೆ ಬಿದ್ದಾಗ ಸುಮ್ಮನಿದ್ದು, ದೀಪ ಹೊತ್ತಿದಾಗಲೇ ಚುರುಕಾಗುತ್ತಿದ್ದವು. ಸಂತೆಯ ಮೂಲೆಯಲ್ಲಿ ಗೋಣಿತಾಟಿನ ಮೇಲೆ ಹರಡಿದ ತುಕ್ಕು ಸಾಮಾನು ನಿಮ್ಮ ಯಜಮಾನರಿಗೆ ಆ ದೀಪ.

ಆದ್ದರಿಂದ ‘ಅದೊಂದು ವರಹ ಸಿಕ್ಕಿದರೆ ನಿಲ್ಲಿಸ್ತೀನಿ’ ಎನ್ನುವ ಮಾತು. ಅವರು ಸುಳ್ಳು ಹೇಳುತ್ತಿಲ್ಲ, ಹೇಳುವಾಗ ನಂಬಿಯೇ ಹೇಳುತ್ತಾರೆ. ಆದರೆ ನಿಲ್ಲುವುದಿಲ್ಲ. ವರಹ ಸಿಕ್ಕಿದ ಮೂರನೇ ವಾರಕ್ಕೆ ಅದರ ಜೋಡಿ ಬೇಕು ಅನ್ನಿಸುತ್ತದೆ. ಮೂವತ್ತನೆಯ ಅಡಕತ್ತರಿಗೇ ಮುಗಿಸುತ್ತೇನೆ ಎಂದು ನನ್ನ ಹೆಂಡತಿಗೆ ನಾನೂ ಹೇಳಿದ್ದೆ.

ಅವರು ಹುಡುಕುತ್ತಿರುವ ವಸ್ತು ಮಾತ್ರ ಚೆಂದದ್ದು, ಅದಕ್ಕೆ ನನ್ನ ಮೆಚ್ಚುಗೆಯಿದೆ. ಕೆಳದಿಯ ನಾಯಕರ ವರಹದ ಮೇಲೆ ಶಿವ-ಪಾರ್ವತಿಯರು ಕೂತಿರುತ್ತಾರೆ. 1763ರಲ್ಲಿ ಬಿದನೂರನ್ನು, ಈಗಿನ ನಗರವನ್ನು, ಗೆದ್ದ ಹೈದರಾಲಿ ಆ ಚಿತ್ರವನ್ನು ಅಳಿಸಲಿಲ್ಲ. ಮುಂದೆ ಶಿವ-ಪಾರ್ವತಿಯರು ಹಾಗೇ ಉಳಿದರು, ಹಿಂದೆ ಪಾರ್ಸಿ ಲಿಪಿಯಲ್ಲಿ ಅವನ ಹೆಸರಿನ ಮೊದಲಕ್ಷರ ಒಂದೇ ಒಂದು ಬಂತು. ರಾಜ್ಯ ಬದಲಾದರೂ ಪೇಟೆಯ ನಂಬಿಕೆ ಬದಲಾಗಬಾರದು ಎಂಬ ವ್ಯಾಪಾರದ ಜಾಣತನ ಅದರಲ್ಲಿ ಕಾಣುತ್ತದೆ. ಮೇಷ್ಟ್ರಿಗೆ ಅದರ ಮೇಲೆ ಮನಸ್ಸು ಕೂತದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಚಿನ್ನದ ನಾಣ್ಯ, ಬೆಲೆ ಹೆಚ್ಚು, ನಕಲಿಗಳೂ ಹೆಚ್ಚು. ಆ ಅಡವಿನ ದುಡ್ಡು ಎಲ್ಲಿಗೆ ಹೋಯಿತು ಎಂದು ಕೇಳಿದ್ದೀರಾ? ಕಾಗದದಲ್ಲಿ ಅದು ಇಲ್ಲ.

ಈಗ ಮಗಳ ಮಾತು, ಕಾಯಿಲೆ ಎನ್ನುವುದು. ಅಂಥ ಕಾಯಿಲೆ ಇದೆ. ಹೋರ್ಡಿಂಗ್ ಡಿಸಾರ್ಡರ್ ಎಂದು 2013ರಿಂದ ನಮ್ಮ ರೋಗಪಟ್ಟಿಯಲ್ಲಿ ಅದಕ್ಕೆ ಪ್ರತ್ಯೇಕ ಜಾಗವಿದೆ. ಮುಂಚೆ ಅದನ್ನು ಗೀಳುರೋಗದ ಒಂದು ಮುಖ ಎಂದು ಎಣಿಸುತ್ತಿದ್ದೆವು. ಅದರ ತಿರುಳು ತರುವುದರಲ್ಲಿ ಇಲ್ಲ, ಬಿಡಲಾಗದಿರುವುದರಲ್ಲಿ ಇದೆ. ಖಾಲಿ ಹಾಲಿನ ಕವರು, ಹರಿದ ಚಪ್ಪಲಿ, ಮೂರು ವರ್ಷದ ಕರೆಂಟ್ ಬಿಲ್ಲು, ಯಾವುದನ್ನು ಎಸೆಯಹೊರಟರೂ ಜೀವ ಹಿಂಡಿದಂತಾಗುತ್ತದೆ. ಒಲೆಯ ಮುಂದೆ ಅಡುಗೆ ಮಾಡಲು, ಹಾಸಿಗೆಯ ಮೇಲೆ ಮಲಗಲು ಜಾಗ ಉಳಿಯುವುದಿಲ್ಲ. ಸಂಗ್ರಹಕಾರ ಆರಿಸುತ್ತಾನೆ, ಹೊಂದಿಸುತ್ತಾನೆ, ಬಂದವರಿಗೆಲ್ಲ ಬೇಸರ ಬರುವಷ್ಟು ತೋರಿಸುತ್ತಾನೆ. ಈ ಕಾಯಿಲೆಯವರು ಹೆಚ್ಚಾಗಿ ಬಾಗಿಲು ಹಾಕಿಕೊಳ್ಳುತ್ತಾರೆ.

ಇದಕ್ಕೇ ನನಗೆ ಪುಸ್ತಕ ಮುಖ್ಯ. ಪುಸ್ತಕ ಬರೆಯುವವನು ಇನ್ನೂ ಆರಿಸುತ್ತಿದ್ದಾನೆ ಎಂದು ಅರ್ಥ. ‘ಸಾಗರ ಸಂತೆ, ಗಿಂಡಿ, ಮೂತಿ ಬೆಸುಗೆ ಹಾಕಿದ್ದು, ಕೊಟ್ಟದ್ದು ಇಷ್ಟು’ ಎಂದು ಬರೆಯಬೇಕಾದರೆ ಅದನ್ನು ತಿರುಗಿಸಿ ನೋಡಬೇಕು, ಹಿಂದಿನದಕ್ಕೆ ಹೋಲಿಸಬೇಕು, ಬೆಲೆ ಒಪ್ಪಿಕೊಳ್ಳಬೇಕು. ಅಂಕಿ ಬರೆಯುವ ಕೈಗೆ ಅಂಕೆ ತಾನಾಗಿಯೇ ಬರುತ್ತದೆ. ನನ್ನ ಬಳಿ ಬಂದ ಸಂಗ್ರಹಕಾರರಲ್ಲಿ ಹೆಚ್ಚಿನವರ ದಾರಿ ತಪ್ಪಿದ್ದು ಸಾಮಾನು ಹೆಚ್ಚಾದ ವರ್ಷ ಅಲ್ಲ, ಬರೆಯುವುದು ನಿಂತ ವರ್ಷ. ನೀವು ‘ಬರೆದಿಡುತ್ತಿದ್ದರು’ ಎಂದು ಬರೆದಿದ್ದೀರಿ, ‘ಬರೆದಿಡುತ್ತಾರೆ’ ಎಂದಲ್ಲ. ಚೀಲ ಬಿಚ್ಚುವುದಿಲ್ಲ ಎಂದೂ ಬರೆದಿದ್ದೀರಿ. ನಿಮ್ಮ ಇಡೀ ಕಾಗದದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಈ ಎರಡು ವಾಕ್ಯ, ಮತ್ತು ಇವುಗಳ ಹಿಂದೆಯೇ ನೀವು ಹಾಗೇ ಹೇಳಿ ಮುಂದೆ ಹೋದ ಸ್ನೇಹಿತರ ಸಾವು.

ಜೊತೆಗಾರನಿಲ್ಲದ ಸಂಗ್ರಹಕಾರನ ಪಾಡು ಮನೆಯವರಿಗೆ ಅರ್ಥವಾಗುವುದು ಕಷ್ಟ. ನಕ್ಷತ್ರದ ಗುರುತಿನ ನಾಲ್ಕಾಣೆ ಸಿಕ್ಕಿತು ಎಂದರೆ ‘ಓಹೋ’ ಎನ್ನುವ ಜೀವ ಊರಿಗೆ ಒಂದಿದ್ದರೆ ಹೆಚ್ಚು. ಆ ಜೀವ ಹೋದ ಮೇಲೂ ಕಾಲು ಸಂತೆಗೆ ಹೋಗುತ್ತದೆ, ಕೈ ಕೊಳ್ಳುತ್ತದೆ. ಮನೆಗೆ ಬಂದ ಮೇಲೆ ಬಿಚ್ಚಿ ಯಾರಿಗೆ ತೋರಿಸುವುದು? ಸಿಗ್ಮಂಡ್ ಫ್ರಾಯ್ಡ್ ಸಾಯುವ ಹೊತ್ತಿಗೆ ಎರಡು ಸಾವಿರಕ್ಕೂ ಹೆಚ್ಚು ಪುರಾತನ ವಿಗ್ರಹ, ಪಾತ್ರೆ ಕೂಡಿಹಾಕಿದ್ದರು. ಆ ಹುಚ್ಚು ಗಟ್ಟಿಯಾಗಿ ಹಿಡಿದದ್ದು 1896ರಲ್ಲಿ ಅವರ ತಂದೆ ತೀರಿಕೊಂಡ ಮೇಲೆ. ಎಲ್ಲರ ಮನಸ್ಸನ್ನೂ ಬಗೆದ ಅವರು ಈ ಹುಚ್ಚಿನ ಬಗ್ಗೆ ಮಾತ್ರ ಹೆಚ್ಚು ಬರೆಯಲಿಲ್ಲ!

ಹಾಗಾಗಿ ದೂರದಿಂದ ನನಗೆ ತೋರುವುದು ಇಷ್ಟು: ನಿಮ್ಮ ಯಜಮಾನರು ಹುಟ್ಟಾ ಸಂಗ್ರಹಕಾರರು, ಎರಡು ವರ್ಷದಿಂದ ದುಃಖದಲ್ಲಿದ್ದಾರೆ. ಆ ದುಃಖ ಖಿನ್ನತೆಯಾಗಿ ತಿರುಗಿರಬಹುದು. ನಿದ್ದೆ ಹೇಗಿದೆ, ಊಟ ಸೇರುತ್ತದೆಯೇ, ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಸುವ ಹೊತ್ತಿಗೆ ತೋಟದ ಕಡೆ ಹೋಗುತ್ತಾರೆಯೇ, ಇದನ್ನೆಲ್ಲ ಗಮನಿಸಿ. ಇನ್ನೊಂದು ಸಾಧ್ಯತೆಯನ್ನೂ ಬಿಡಬಾರದು. ಅರವತ್ತು ದಾಟಿದ ಮೇಲೆ ಸ್ವಭಾವ ಬದಲಾಗಿ ಸಿಕ್ಕಿದ್ದೆಲ್ಲ ತಂದು ಗುಡ್ಡೆ ಹಾಕುವುದು ಕೆಲವು ಬಗೆಯ ಮರೆವಿನ ರೋಗದ ಮೊದಲ ಲಕ್ಷಣವಾಗಬಹುದು. ಅವರ ಹವ್ಯಾಸ ಮದುವೆಗೂ ಮುಂಚಿನದು, ಆದ್ದರಿಂದ ಈ ಶಂಕೆ ನನಗೆ ಕಡಿಮೆ. ಆದರೆ ನಿನ್ನೆ ತಂದದ್ದನ್ನೇ ಇಂದೂ ತಂದರೆ, ಗೊತ್ತಿರುವ ದಾರಿ ತಪ್ಪಿದರೆ, ದುಡ್ಡಿನ ಲೆಕ್ಕ ತಪ್ಪತೊಡಗಿದರೆ ಕಾಯಬೇಡಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಕರೆದುಕೊಂಡು ಬನ್ನಿ. ಬರಲು ಒಪ್ಪದಿದ್ದರೆ ಮೊದಲು ನೀವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನು ಮಾಡಿ, ಕನ್ನಡದಲ್ಲೇ ಮಾತಾಡಬಹುದು. ‘ಹುಚ್ಚಿಗೆ ಔಷಧಿ ಕೊಡಿಸೋಣ’ ಎಂದು ಮಾತ್ರ ಅವರಿಗೆ ಹೇಳಬೇಡಿ. ‘ನಿದ್ದೆ ಬರ್ತಿಲ್ಲ ಅಲ್ವಾ, ಒಂದು ಸಲ ತೋರಿಸ್ಕೊಂಡು ಬರೋಣ’ ಅಂದರೆ ಸಾಕು.

ಗುಜರಿಯವರನ್ನು ಕರೆಸುವ ಯೋಚನೆ ಬಿಡಿ. ಮಗಳ ಸಂಕಟ ಅರ್ಥವಾಗುತ್ತದೆ, ತವರಿಗೆ ಬಂದರೆ ಮಲಗಲು ಜಾಗವಿಲ್ಲ. ಆದರೆ ಇಲ್ಲದ ಹೊತ್ತಿನಲ್ಲಿ ಖಾಲಿ ಮಾಡಿಸಿದ ಮನೆಗಳನ್ನು ನಾನು ನೋಡಿದ್ದೇನೆ. ಒಬ್ಬರು ವಾಪಸು ಬಂದು ಜಗಲಿಯಲ್ಲಿ ಕೂತವರು ನಾಲ್ಕು ದಿನ ಮಾತಾಡಲಿಲ್ಲ. ಆರು ತಿಂಗಳಲ್ಲಿ ಕೋಣೆ ಮತ್ತೆ ತುಂಬಿತು, ಈ ಸಲ ಬೀಗದ ಸಮೇತ. ದುಃಖದಲ್ಲಿರುವವರ ವಿಷಯದಲ್ಲಿ ಪರಿಣಾಮ ಇದಕ್ಕಿಂತ ಕೆಟ್ಟದ್ದೂ ಆಗಬಹುದು. ಮೇಲಾಗಿ ಯಾವ ಚೀಲದಲ್ಲಿ ಏನಿದೆ ಎಂದು ನಿಮಗೂ ಗೊತ್ತಿಲ್ಲ, ಗುಜರಿಯವನಿಗೆ ಗೊತ್ತಿರುತ್ತದೆ.

ಅಳಿಯನ ಲಕ್ಷಗಳ ವಿಚಾರ. ಹಳೆಯದೆಲ್ಲ ಬೆಲೆಬಾಳುವುದಿಲ್ಲ. ಬೆಲೆ ನಿಲ್ಲುವುದು ಎಷ್ಟು ವಿರಳ, ಎಷ್ಟು ಚೆನ್ನಾಗಿ ಉಳಿದಿದೆ, ಕೊಳ್ಳುವವರಿದ್ದಾರೆಯೇ ಎಂಬುದರ ಮೇಲೆ. ಕಂಪನಿ ಕಾಲದ 1835ರ ತಾಮ್ರದ ಕಾಲಾಣೆ ನೂರೆಂಬತ್ತು ವರ್ಷ ದಾಟಿದರೂ ಬೇಕಾದಷ್ಟು ಸಿಗುತ್ತದೆ. ಬೆಳ್ಳಿ ರೂಪಾಯಿಗೆ 1940ರಿಂದ ಬೆಳ್ಳಿ ಅರ್ಧಕ್ಕಿಳಿಯಿತು, 1947ರಲ್ಲಿ ನಿಕ್ಕಲ್ ಬಂತು, ಹಾಗಾಗಿ ಒಂದೇ ರಾಜನ ಮುಖವಿದ್ದರೂ ಇಸವಿ ನೋಡದೆ ಮಾತಾಡುವಂತಿಲ್ಲ. 1818 ಎಂದು ಬರೆದು ರಾಮ, ಸೀತೆ, ಹನುಮಂತರ ಚಿತ್ರವಿರುವ ‘ಈಸ್ಟ್ ಇಂಡಿಯಾ ಕಂಪನಿ’ ಬಿಲ್ಲೆಗಳು ಜಾತ್ರೆಗಳಲ್ಲಿ ಸಿಗುತ್ತವಲ್ಲ, ಅವು ನಾಣ್ಯವೇ ಅಲ್ಲ. ಟ್ರ್ಯಾಕ್ಟರ್ ಚಿತ್ರದ ಐದು ರೂಪಾಯಿ ನೋಟಿಗೆ ಲಕ್ಷ ಕೊಡುತ್ತೇವೆ, ಮೊದಲು ಶುಲ್ಕ ಕಟ್ಟಿ ಎಂದು ಮೊಬೈಲಿಗೆ ಬರುವುದೆಲ್ಲ ಮೋಸ. ತನ್ನ ಹೆಸರು ಬಳಸಿ ಇಂಥ ವಂಚನೆ ನಡೆಯುತ್ತಿದೆ ಎಂದು ರಿಸರ್ವ್ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಎಚ್ಚರಿಸಿದೆ. ಇನ್ನು ಅಕ್ಕಿಯನ್ನು ತನ್ನತ್ತ ಎಳೆಯುವ ಪವಾಡದ ತಂಬಿಗೆ, ಸಿಡಿಲು ಬಡಿದ ಚೊಂಬು ಎಂದು ಯಾರಾದರೂ ಗುಟ್ಟಾಗಿ ಮನೆಗೆ ಬಂದರೆ ಜಗಲಿ ಹತ್ತಿಸಬೇಡಿ. ‘ರೈಸ್ ಪುಲ್ಲಿಂಗ್’ ಎಂಬ ಈ ಮೋಸಕ್ಕೆ ಸಿಕ್ಕಿ ತೋಟ ಅಡವಿಟ್ಟವರನ್ನೂ ನೋಡಿದ್ದೇನೆ.

ಮಾರಲು ಯಜಮಾನರು ಒಪ್ಪದಿರುವುದೂ ಬರೀ ಹಟವಲ್ಲ. 1990ರಲ್ಲಿ ಪ್ರಕಟವಾದ ಪ್ರಸಿದ್ಧ ಪ್ರಯೋಗವೊಂದರಲ್ಲಿ ಮನಶ್ಶಾಸ್ತ್ರಜ್ಞ ಕಾನೆಮನ್ ಮತ್ತು ಜೊತೆಗಾರರು ಕೆಲವರ ಕೈಗೆ ಕಾಫಿ ಮಗ್ ಕೊಟ್ಟು, ಮಾರುವುದಾದರೆ ಎಷ್ಟಕ್ಕೆ ಎಂದರು. ಏಳು ಡಾಲರ್ ಆಸುಪಾಸು ಹೇಳಿದರು. ಅದೇ ಮಗ್ಗಿಗೆ ಕೈಯಲ್ಲಿ ಇಲ್ಲದವರು ಹೇಳಿದ್ದು ಮೂರು. ಕೈಗೆ ಬಂದು ಸ್ವಲ್ಪ ಹೊತ್ತಾದ ಮಗ್ಗಿಗೇ ಹೀಗಾದರೆ ನಲವತ್ತು ವರ್ಷದ ನಾಣ್ಯಕ್ಕೆ ಎಷ್ಟಾಗಬೇಡ. ಮಾರುವುದೇ ಆದರೆ ಅವರೇ ಆರಿಸಿದ್ದನ್ನು, ಅವರೇ ಕೂತು ಮಾರಲಿ.

ನಾದಿನಿಯವರ ದೋಷದ ಮಾತಿಗೆ ಉತ್ತರ ಹೇಳುವ ಅಧಿಕಾರ ನನಗಿಲ್ಲ. ಆದರೆ ಆ ದೀಪ ಎಲ್ಲಿಂದ ಬಂತು ಎಂಬ ಪ್ರಶ್ನೆ ಬೇರೆ ಕಾರಣಕ್ಕೆ ಸರಿಯಾದದ್ದು. ದೇವಸ್ಥಾನದ ಕಳವಿನ ಮಾಲು ಸಂತೆಗೆ ಬಂದಿದ್ದರೆ ಕೊಂಡವರೂ ಪೊಲೀಸ್ ಠಾಣೆ ಹತ್ತಬೇಕಾಗುತ್ತದೆ. ನೂರು ವರ್ಷ ದಾಟಿದ ಕಲ್ಲಿನ, ಲೋಹದ ವಿಗ್ರಹವಿದ್ದರೆ 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೋಂದಾಯಿಸಬೇಕು. ತೋಟ ಅಗೆಯುವಾಗ ಸಿಕ್ಕಿದ್ದು ಸಿಕ್ಕವರದಾಗುವುದಿಲ್ಲ, ಜಿಲ್ಲಾಧಿಕಾರಿಗೆ ತಿಳಿಸಬೇಕು. ಇದಕ್ಕಿಂತ ಅಪಾಯದ್ದು ಹಳೇ ಮನೆಯ ಗೋಡೆಯಿಂದ ಇಳಿಸಿ ತಂದ ಜಿಂಕೆ ಕೊಂಬು, ಕಾಟಿಯ (ಕಾಡುಕೋಣದ) ತಲೆ, ಹುಲಿ ಉಗುರು. ಮಾಲೀಕತ್ವದ ಪ್ರಮಾಣಪತ್ರ ಇಲ್ಲದೆ ಅವನ್ನು ಇಟ್ಟುಕೊಂಡರೆ ವನ್ಯಜೀವಿ ಕಾಯ್ದೆಯ ಕೇಸು ಖಂಡಿತ. ಬಿಚ್ಚದ ಚೀಲಗಳಲ್ಲಿ ಅಂಥದ್ದೇನಾದರೂ ಕಂಡರೆ ಮೊದಲು ವಕೀಲರೊಬ್ಬರನ್ನು ಕೇಳಿ.

ಹಾಗಾದರೆ ಏನು ಮಾಡುವುದು? ಸಾಲವನ್ನು ಸಾಮಾನಿನಿಂದ ಬೇರೆ ಮಾಡಿ. ನಿಮ್ಮಿಬ್ಬರ ನಡುವೆ ಮುರಿದದ್ದು ಅಲ್ಲಿ, ಅಟ್ಟದಲ್ಲಲ್ಲ. ಈ ವರ್ಷದ ಅಡಿಕೆ ಮಂಡಿಗೆ ಹೋಗಿ ದುಡ್ಡು ಬಂದ ದಿನ ಮೊದಲು ಸರ ಬಿಡಿಸಿಕೊಂಡು ಬನ್ನಿ, ಇಬ್ಬರೂ ಹೋಗಿ. ಆಮೇಲೆ ಹವ್ಯಾಸಕ್ಕೆ ವರ್ಷಕ್ಕೆ ಇಂತಿಷ್ಟು ಎಂದು ನೀವೇ ಎತ್ತಿ ಅವರ ಕೈಗೆ ಕೊಡಿ. ವರ್ಷಕ್ಕೊಮ್ಮೆ ದುಡ್ಡು ಬರುವ ಮನೆಯಲ್ಲಿ ತಿಂಗಳ ಬಜೆಟ್ಟು ನಡೆಯುವುದಿಲ್ಲ, ನಿಮಗೆ ಗೊತ್ತು. ಮುಗಿದ ಮೇಲೆ ಇನ್ನೂ ಬೇಕಾದರೆ ಇರುವುದರಲ್ಲಿ ಒಂದನ್ನು ಮಾರಿ ಕೊಳ್ಳಲಿ. ಎರಡು ಸಲ ಮಾತು ತಪ್ಪುತ್ತಾರೆ, ಅದಕ್ಕೆ ಸಿದ್ಧರಾಗಿರಿ. ಕದ್ದು ಮತ್ತೆ ಸಾಲ ತೆಗೆದರೆ ಮಾತ್ರ ಅದು ಬೇರೆ ಹಂತ, ಆಗ ವೈದ್ಯರಿಲ್ಲದೆ ಆಗುವುದಿಲ್ಲ.

ಕೋಣೆಯನ್ನು ಮಗಳಿಗೆ ಬಿಟ್ಟುಕೊಡಬೇಕು, ಅಟ್ಟ ಅವರದು. ಈ ಗಡಿ ಸ್ಪಷ್ಟವಾಗಿರಲಿ, ಆದರೆ ಸಾಗಿಸುವ ಕೆಲಸ ಅವರ ಕೈಯಿಂದಲೇ ಆಗಲಿ. ದಿನಕ್ಕೆ ಒಂದು ಚೀಲ. ಪಕ್ಕದಲ್ಲಿ ನೀವು ಕೂತು ಪುಸ್ತಕದಲ್ಲಿ ಬರೆಯಿರಿ, ಅವರು ಹೇಳಲಿ. ನಿಮಗೆ ಬೇಸರದ ಕೆಲಸ, ಗೊತ್ತು. ಮೊಮ್ಮಕ್ಕಳು ಬೇಸಿಗೆ ರಜೆಗೆ ಬರುವವರಿದ್ದರೆ ಭೂತಗನ್ನಡಿ ಅವರ ಕೈಗೆ ಕೊಡಿ, ನಕ್ಷತ್ರ ಹುಡುಕುವುದರಲ್ಲಿ ಮಕ್ಕಳ ಕಣ್ಣು ಚುರುಕು. ನಾಲ್ಕೈದು ಚೀಲ ಬಿಚ್ಚುವಷ್ಟರಲ್ಲಿ ‘ಇದನ್ನ್ಯಾಕೆ ತಂದೆ ನಾನು’ ಎಂದು ಅವರೇ ಒಂದೆರಡನ್ನು ಬದಿಗಿಟ್ಟರೆ ಅದೇ ಒಳ್ಳೆಯ ಸೂಚನೆ. ಒಂದನ್ನೂ ಬಿಡಲಾಗದೆ ಬೆವರತೊಡಗಿದರೆ ಮಗಳ ಅನುಮಾನಕ್ಕೆ ಬಲ ಬಂತು ಎಂದು ತಿಳಿಯಿರಿ. ಅದಕ್ಕೂ ಮಾತಿನ ಚಿಕಿತ್ಸೆ ಇದೆ, ನಿಧಾನದ್ದು.

ದಾನ ಕೊಡುವುದು ಇನ್ನೊಂದು ದಾರಿ. ಕೆಳದಿಯ ವಸ್ತುಸಂಗ್ರಹಾಲಯ ಹುಟ್ಟಿದ್ದೇ ಗುಂಡಾ ಜೋಯಿಸರು ಮನೆಮನೆ ತಿರುಗಿ ಓಲೆಗರಿ, ಕಾಗದಪತ್ರ ಕೂಡಿಸಿದ್ದರಿಂದ. ಈಗ ಅದು ಕುವೆಂಪು ವಿಶ್ವವಿದ್ಯಾಲಯದ ಕೈಯಲ್ಲಿದೆ. ಅಂಥ ಕಡೆ ಕೇಳಬಹುದು, ಆದರೆ ಎಲ್ಲವನ್ನೂ ತೆಗೆದುಕೊಳ್ಳುತ್ತಾರೆಂದು ನಂಬಬೇಡಿ. ಎಲ್ಲಿಂದ ಬಂತು ಎಂಬ ದಾಖಲೆ ಇಲ್ಲದ ವಸ್ತು ಅವರಿಗೆ ಅರ್ಧ ವಸ್ತು. ಅಲ್ಲಿಯೂ ಬೇಕಾಗುವುದು ಅದೇ ಪುಸ್ತಕ. ಕೊಟ್ಟದ್ದಕ್ಕೆ ಪಟ್ಟಿ ಮತ್ತು ರಸೀದಿ ಪಡೆಯಿರಿ. ಸದ್ಯಕ್ಕಂತೂ ಈ ಮಾತು ಎತ್ತಬೇಡಿ, ಸ್ನೇಹಿತ ಹೋದ ದುಃಖದಲ್ಲಿರುವವರಿಗೆ ‘ನೀವೂ ಹೊರಡುವ ತಯಾರಿ ಮಾಡಿ’ ಎಂದ ಹಾಗೆ ಕೇಳಿಸುತ್ತದೆ.

ಮಳೆ ಹಿಡಿಯುವ ಮುಂಚೆ ಇಷ್ಟು ಮಾಡಿ. ನಾಣ್ಯಗಳು ವಾಸನೆ ಹೊಡೆಯುವ ಮೆತ್ತನೆ ಪ್ಲಾಸ್ಟಿಕ್ ಆಲ್ಬಮ್ಮಿನಲ್ಲಿದ್ದರೆ ತೆಗೆಸಿ, ನಮ್ಮ ಥಂಡಿಯಲ್ಲಿ ಅದು ಹಸಿರು ಅಂಟು ಬಿಡುತ್ತದೆ. ಹಬ್ಬದ ಪಾತ್ರೆ ಜೊತೆ ಸೇರಿಸಿ ಹುಣಸೆಹಣ್ಣು ಹಾಕಿ ಮಾತ್ರ ತಿಕ್ಕಬೇಡಿ, ಫಳಫಳ ಹೊಳೆಯುವ ಹಳೇ ನಾಣ್ಯ ಬೆಲೆ ಕಳೆದುಕೊಂಡ ನಾಣ್ಯ. ಪೇಪರಿನ ಕಟ್ಟುಗಳನ್ನು ಗೋಡೆಗೆ ಒರಗಿಸದೆ ನೆಲದಿಂದ ಮೇಲೆತ್ತಿ ಇಡಿ, ಗೆದ್ದಲಿಗೆ ಇಸವಿಯ ಹಂಗಿಲ್ಲ.

ಆ ದಪ್ಪ ಪುಸ್ತಕವನ್ನು ನೀವಾಗಿ ತೆಗೆದು ನೋಡಬೇಡಿ. ಒಂದು ಸಂಜೆ ಕಾಫಿ ಕೊಟ್ಟು, ತೋರಿಸಿ ಅನ್ನಿ. ಕೊನೆಯದಾಗಿ ಬರೆದದ್ದು ಯಾವ ತಾರೀಖಿನದು, ಆ ಸ್ನೇಹಿತರು ಹೋದದ್ದಕ್ಕೆ ಮುಂಚಿನದೋ ಆಮೇಲಿನದೋ, ನೋಡಿ ನನಗೆ ಬರೆಯಿರಿ.